ಹಗರಣವೆಂಬ ಸೌಮ್ಯ ಪದ

ಮಂತ್ರಿಯೋ ಅಧಿಕಾರಿಯೋ ಸಿಕ್ಕಿಬಿದ್ದ ಕೂಡಲೇ ನಮ್ಮ ಪತ್ರಿಕೆಗಳು 'ಹಗರಣ' ಎಂದು ಬರೆಯುತ್ತವೆ. ಉತ್ತರ ಕನ್ನಡದ ಹಳ್ಳಿಗಳಲ್ಲಿ ಹಗರಣವೆಂದರೆ ವೇಷ ಕಟ್ಟಿ ಜನರನ್ನು ನಗಿಸುವ ಆಟ. ಆಟ ಮುಗಿದರೆ ವೇಷ ಕಳಚುತ್ತಾರೆ, ಯಾರ ಮೇಲೂ ಕೇಸಿಲ್ಲ. ಸರಕಾರಿ ಲೂಟಿಗೆ ಇದೇ ಹೆಸರು ಅಂಟಿಕೊಂಡದ್ದು ಸುಮ್ಮನೆಯೇ?

ಹಿರೇಗುಂಟನೂರು ಹೋಬಳಿಯ ಭೀಮಸಮುದ್ರದ ಕಡೆ ಅಡಿಕೆ ತೋಟವೂ ಇದೆ, ಅದಿರಿನ ಗುಡ್ಡವೂ ಇದೆ. ರಾತ್ರಿ ತೋಟಕ್ಕೆ ನುಗ್ಗಿ ನಾಲ್ಕು ಗೊನೆ ಕಿತ್ತರೆ ಅದು ಕಳವು. ಪೊಲೀಸರು ಬರುತ್ತಾರೆ. ಗುಡ್ಡವೇ ಲಾರಿ ಹತ್ತಿ ಹೋದರೆ? 'ಅವ್ಯವಹಾರ', 'ಲೋಪ'! 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಅಕ್ರಮ ಗಣಿಗಾರಿಕೆಯಿಂದ ರಾಜ್ಯದ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು.

ತಪ್ಪು ತೀರ್ಮಾನಗಳೆಲ್ಲ ಅಪರಾಧವಲ್ಲ, ಹೀಗೆ ಹೆದರಿಸಿದರೆ ಕಡತಕ್ಕೆ ಯಾರೂ ಸಹಿ ಹಾಕುವುದಿಲ್ಲ ಎಂಬ ವಾದವಿದೆ. ಒಪ್ಪುತ್ತೇವೆ. ಆದರೆ ಯಾವುದು ತಪ್ಪು, ಯಾವುದು ಕಳವು ಎಂದು ತಿಳಿಯುವುದು ತನಿಖೆಯಿಂದಲ್ಲವೇ? 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ಸೇರಿಸಿದ 17ಎ ಕಲಮು, ಅಧಿಕಾರಿಯ ತೀರ್ಮಾನದ ವಿಚಾರಣೆ ಶುರುಮಾಡಲೂ ಸರಕಾರದ ಪೂರ್ವಾನುಮತಿ ಬೇಕೆಂದಿತು. ಅಡಿಕೆ ಕದ್ದವನಿಗೆ ಈ ಸವಲತ್ತು ಎಲ್ಲಿದೆ?

ಒಳನಾಡಿನ ಅದಿರು ಹಡಗು ಹತ್ತುತ್ತಿದ್ದ ಅಂಕೋಲಾದ ಬೇಲೆಕೇರಿ ಬಂದರನ್ನೇ ನೋಡಿ. 2010ರಲ್ಲಿ ಅರಣ್ಯಾಧಿಕಾರಿ ಆರ್. ಗೋಕುಲ್ ಅಲ್ಲಿ ಅದಿರು ಜಪ್ತಿ ಮಾಡಿದರು. ಜಪ್ತಿಯಾದ ಲಕ್ಷಗಟ್ಟಲೆ ಟನ್ ಅದಿರೇ ಮಾಯವಾಯಿತು. ಅಮಾನತಿನ ಕತ್ತಿ ಬೀಸಿದ್ದು ಮಾತ್ರ ಗೋಕುಲ್ ಮೇಲೆ. ಹೆಗ್ಡೆಯವರು ರಾಜೀನಾಮೆ ಕೊಟ್ಟು, ಬಳಿಕ ಹಿಂಪಡೆದರು. ಉರ್ದುವಿನ 'ಅಮಾನತ್' ಎಂದರೆ ನಂಬಿ ಒಪ್ಪಿಸಿದ ಸೊತ್ತು. ನಮ್ಮ ಕಚೇರಿಗಳ ಕನ್ನಡದಲ್ಲಿ ಅದು ಸೊತ್ತು ಕಾಯ್ದವನಿಗೆ ಕೊಡುವ ಶಿಕ್ಷೆ!

14 ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ, ಬೆಂಗಳೂರಿನ ವಿಶೇಷ ನ್ಯಾಯಾಲಯ ಶಾಸಕ ಸತೀಶ್ ಸೈಲ್ ಹಾಗೂ ಬಂದರು ಇಲಾಖೆಯ ಅಧಿಕಾರಿ ಮಹೇಶ್ ಬಿಳಿಯೆ ಸಹಿತ ಹಲವರನ್ನು ದೋಷಿಗಳೆಂದಿತು. ಅದು ಹಗರಣ ಎನ್ನಲಿಲ್ಲ. ಒಳಸಂಚು, ವಂಚನೆ, ಕಳವು ಎಂದಿತು. ನವೆಂಬರ್‌ನಲ್ಲಿ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಮೇಲ್ಮನವಿಯ ಹಕ್ಕು ಎಲ್ಲರಿಗೂ ಉಂಟು, ಅದಕ್ಕೆ ನಮ್ಮ ತಕರಾರಿಲ್ಲ. ತಕರಾರಿರುವುದು ತೀರ್ಪಿನ ಮರುದಿನವೂ 'ಬೇಲೆಕೇರಿ ಹಗರಣ' ಎಂದೇ ತಲೆಬರಹ ಕೊಟ್ಟ ನಮ್ಮ ಪತ್ರಕರ್ತ ಮಿತ್ರರ ಮೇಲೆ.