ರುಚಿಗೆ ತಕ್ಕಷ್ಟು ಅಂದರೆ ಎಷ್ಟು?

"ಉಪ್ಪು ಎಷ್ಟು ಹಾಕಲಿ?" ಎಂದು ಉಮ್ಮನನ್ನು ಕೇಳಿದರೆ "ರುಚಿಗೆ ತಕ್ಕಷ್ಟು" ಎಂಬ ಉತ್ತರ ಸಿದ್ಧ. ಕೈಯಳತೆ ತಪ್ಪೇನಲ್ಲ. ಆದರೆ ಬಿಪಿ ಮಾತ್ರೆ ನುಂಗುವವರಿರುವ ಮನೆಗೆ ಅದು ಸಾಲದು.

ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಟೀ ಚಮಚಕ್ಕೆ ಪುಡಿ ಉಪ್ಪು ಸಮನಾಗಿ ತುಂಬಿದರೆ ಸುಮಾರು 6 ಗ್ರಾಂ. ಅಂದರೆ ಒಬ್ಬರಿಗೆ ಪೂರ್ತಿ ಒಂದು ಚಮಚವೂ ಇಲ್ಲ. ಒಣಮೀನು, ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿಯ ಉಪ್ಪೂ ಇದರೊಳಗೇ ಬರಬೇಕು.

ತಿಂಡಿ ಪ್ಯಾಕೆಟ್ ಮೇಲೆ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ. 400 ಮಿಲಿಗ್ರಾಂ ಸೋಡಿಯಂ ಅಂದರೆ 1 ಗ್ರಾಂ ಉಪ್ಪು. ಇಷ್ಟು ನೆನಪಿದ್ದರೆ ಸಾಕು.

ಹಾಸನವಿರಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣವಿರಲಿ, ನಾವು ಉಪ್ಪು ತರುವುದು ಕಿಲೋ ಪ್ಯಾಕೆಟ್‌ನಲ್ಲಿ. ನಾಲ್ಕು ದೊಡ್ಡವರಿರುವ ಮನೆಗೆ ದಿನಕ್ಕೆ 20 ಗ್ರಾಂ ಎಂದರೂ ಒಂದು ಕಿಲೋ 50 ದಿನ ಬರಬೇಕು. ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ. ತಿಂಗಳೊಳಗೇ ಡಬ್ಬಿ ಖಾಲಿಯಾದರೆ ಕೈ ಜಾಸ್ತಿಯಾಗಿದೆ ಅಂತಲೇ ಲೆಕ್ಕ.

ಇದಕ್ಕೆ ಅಡುಗೆ ಮಾಡುವವರನ್ನು ಮಾತ್ರ ದೂರಬೇಡಿ. "ಸಪ್ಪೆ" ಎಂದು ತಟ್ಟೆ ಸರಿಸುವವರು, ಗಂಜಿಗೆ ಮತ್ತೆ ಉಪ್ಪು ಉದುರಿಸಿಕೊಳ್ಳುವವರು ನಾವೇ. ಒಮ್ಮೆಲೇ ಬೇಡ, ವಾರಕ್ಕೊಂದು ಚಿಟಿಕೆ ಕಡಿಮೆ ಮಾಡುತ್ತಾ ಹೋಗೋಣ. ನಾಲಿಗೆ ನಿಧಾನವಾಗಿ ಒಗ್ಗಿಕೊಳ್ಳುತ್ತದೆ.