ತಿಜೋರಿಯೊಳಗಿನ ಸೆಕೆಂಡು ಮುಳ್ಳು

ನಟ, ಕಾರ್ ರೇಸರ್ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ ಕೈಗಡಿಯಾರ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1.77 ಕೋಟಿ ಡಾಲರಿಗೆ ಹೋಯಿತು. ಹೆಂಡತಿ ಕೊಟ್ಟಿದ್ದ ಆ ಗಡಿಯಾರವನ್ನು ನ್ಯೂಮನ್ 1984ರಲ್ಲಿ, ಕೈಯಲ್ಲಿ ಗಡಿಯಾರವಿಲ್ಲದ ಮಗಳ ಗೆಳೆಯನಿಗೆ ಕೊಟ್ಟುಬಿಟ್ಟಿದ್ದರು. ಹರಾಜಿನ ಹಣದಲ್ಲಿ ಒಂದು ಪಾಲು ದಾನಕ್ಕೂ ಹೋಯಿತು, ಒಪ್ಪಿದೆವು.

ಆದರೆ ಕ್ರೊನೋಗ್ರಾಫ್ ಹುಟ್ಟಿದ್ದು ಯಾತಕ್ಕೆ? ರೇಸಿನ ಸುತ್ತನ್ನೋ ರೋಗಿಯ ನಾಡಿಯನ್ನೋ ಸೆಕೆಂಡಿನ ಲೆಕ್ಕದಲ್ಲಿ ಅಳೆಯಲು. ತಿಜೋರಿ ಸೇರಿದ ಮೇಲೆ ಗುಂಡಿ ಒತ್ತಲೂ ಭಯ: ಸವೆದರೆ ಬೆಲೆ ಇಳಿದೀತು! ಹಳೆಯ ಯಂತ್ರವನ್ನು ರಿಪೇರಿ ಮಾಡಿಸಿ ಕಟ್ಟಿಕೊಳ್ಳುವವರಿಗೆ ನಮ್ಮ ಸಲಾಂ. ಬೀಗ ಹಾಕಿಟ್ಟು ಬೆಲೆ ಏರುವುದನ್ನು ಕಾಯುವವರದು ಗಡಿಯಾರದ ಪ್ರೀತಿಯಲ್ಲ, ದುಡ್ಡಿನ ಮೋಹ. ವಸ್ತು ನಮ್ಮ ಬಳಿ ಇರುವ ಅಮಾನತ್, ನಂಬಿ ಒಪ್ಪಿಸಿದ್ದು. ಅದನ್ನು ಬಳಸಬೇಕು, ಇಲ್ಲವೇ ಇಲ್ಲದವರಿಗೆ ದಾಟಿಸಬೇಕು. ಆ ಗಡಿಯಾರದ ಬೆಲೆ ಗೊತ್ತಿದ್ದದ್ದು ಕೊಂಡವರಿಗಲ್ಲ, ಕೊಟ್ಟವರಿಗೆ.