ಹೊಂಗೆಯ ಎಣ್ಣೆ, ಎಂಜಿನ್ನಿನ ಹಸಿವು

ಯುಗಾದಿಯ ಹೊತ್ತಿಗೆ ತಳಿರು ತಳೆದು ನಿಲ್ಲುವ ಹೊಂಗೆಯ ಮರವನ್ನು ಕನ್ನಡಿಗರಿಗೆ ಪರಿಚಯ ಮಾಡಿಕೊಡಬೇಕಾದುದಿಲ್ಲ. ಅದರ ಎಣ್ಣೆ ಹಣತೆಗಳಲ್ಲಿ ಉರಿದಿದೆ. ಹಿಂಡಿ ಹೊಲಗದ್ದೆಗಳಿಗೆ ಗೊಬ್ಬರವಾಗಿದೆ. ಕಹಿಯಾದ ಈ ಎಣ್ಣೆ ಅಡಿಗೆಗೆ ಒದಗದು. ಆದುದರಿಂದಲೇ ಅದನ್ನು ಯಂತ್ರಕ್ಕೆ ಉಣಿಸಿದರೆ ಯಾರ ಎಲೆಯಲ್ಲಿಯೂ ಊಟ ಕಡಮೆಯಾಗದು.

ಡೀಸೆಲ್ ಎಂಜಿನ್ನಿಗೆ ಬೀಜದೆಣ್ಣೆ ಹೊಸ ಆಹಾರವೇನೂ ಅಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿಯೇ ಅಂತಹ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದ ನಡೆದಿತ್ತು. ಆದರೆ ಹಸಿ ಎಣ್ಣೆ ಬಹಳ ಮಂದವಾದುದು. ಬಳಸಿದಂತೆಲ್ಲ ಎಂಜಿನ್ನಿನೊಳಗೆ ಮಸಿ ಕಟ್ಟುತ್ತದೆ. ಅದಕ್ಕೆ ಮೆಥನಾಲನ್ನೂ ತುಸು ಕಾಸ್ಟಿಕ್ ಸೋಡಾವನ್ನೂ ಬೆರಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಲಕಿದರೆ, ಭಾರವಾದ ಗ್ಲಿಸರಿನ್ ತಳಕ್ಕಿಳಿದು ತೆಳುವಾದ ಜೈವಿಕ ಡೀಸೆಲ್ ಮೇಲೆ ನಿಲ್ಲುತ್ತದೆ. ತೇವದಲ್ಲಿ ಕೂಡಿಟ್ಟ ಬೀಜದ ಎಣ್ಣೆಯಲ್ಲಿ ಆಮ್ಲ ಹೆಚ್ಚು. ಅದನ್ನು ಮೊದಲು ತಗ್ಗಿಸದಿದ್ದರೆ ಇಂಧನದ ಬದಲು ಸಾಬೂನು ಕೈಗೆ ಬರುತ್ತದೆ!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಎಂಜಿನ್ನುಗಳನ್ನು ನಡೆಸಿ, ಹಳ್ಳಿಗಳಿಗೆ ಅದರಿಂದಾಗಬಹುದಾದ ಉಪಕಾರವನ್ನು ತೋರಿಸಿಕೊಟ್ಟರು. 2007ರಲ್ಲಿ ಹಾಸನದ ಬಳಿ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವು ಆರಂಭವಾಯಿತು. 2009ರ ರಾಷ್ಟ್ರೀಯ ನೀತಿಯಂತೂ 2017ರ ವೇಳೆಗೆ ಡೀಸೆಲ್ಲಿನಲ್ಲಿ ಶೇಕಡ 20ರಷ್ಟು ಜೈವಿಕ ಇಂಧನವನ್ನು ಬೆರಸುವ ಗುರಿಯಿಟ್ಟಿತು. ಗುರಿ ಕೈಗೂಡಲಿಲ್ಲ, 2018ರ ನೀತಿ 2030ಕ್ಕೆ ಶೇಕಡ 5 ಎಂದು ಇಳಿಸಿತು.

ವಿದ್ಯೆ ಸಿದ್ಧಿಸಿದ್ದರೂ ಫಲ ದೊರೆಯದಿರುವುದೇಕೆ? ಉತ್ತರವು ಪ್ರಯೋಗಶಾಲೆಯಲ್ಲಿಲ್ಲ, ಮರದ ಬುಡದಲ್ಲಿದೆ. ಸಸಿ ನೆಟ್ಟು ಹಲವು ವರ್ಷ ಕಾದ ಮೇಲೆಯೇ ಹೊಂಗೆ ಕಾಯಿ ಬಿಡುತ್ತದೆ. ಮರಗಳಾದರೂ ಬೇಲಿಯಲ್ಲೊಂದು, ಹಳ್ಳದ ದಂಡೆಯಲ್ಲೊಂದು. ಕಾಯಿಗಳನ್ನು ಕೈಯಿಂದ ಆಯ್ದು, ಒಣಗಿಸಿ, ಬಡಿದು ಬೀಜ ಬಿಡಿಸಬೇಕು. ಅಂತಹ ಬೀಜ 4 ಕಿಲೋ ಗಾಣಕ್ಕೆ ಬಿದ್ದರೆ ದೊರೆಯುವ ಎಣ್ಣೆ ಸುಮಾರು 1 ಕಿಲೋ ಮಾತ್ರ.

ದಿನವೆಲ್ಲ ಬೆನ್ನು ಬಾಗಿಸಿ ಆಯ್ದ ಬೀಜಕ್ಕೆ ಕೂಲಿಯಷ್ಟಾದರೂ ಬೆಲೆ ಬಾರದಿದ್ದರೆ, ಆಯುವ ಹೆಣ್ಣುಮಗಳು ಮರುವರ್ಷ ಬುಟ್ಟಿ ಹಿಡಿದು ಮರದಡಿಗೆ ಬರುವುದಿಲ್ಲ. ಹೂ ಬಿಡುವ ಮೊದಲೇ ಬೆಲೆ ಗೊತ್ತಾಗಿರಬೇಕು; ಊರ ಸಮೀಪದಲ್ಲಿಯೇ ಕೊಳ್ಳುವವರಿರಬೇಕು; ಬೀಜವನ್ನು ಒಣಗಿಸಿಡಲು ಒಂದು ಮಾಡು ಬೇಕು. ಇಷ್ಟನ್ನು ಒದಗಿಸದೆ ಸಸಿಗಳನ್ನು ಮಾತ್ರ ಹಂಚಿದರೆ ಹಳ್ಳಿಗೆ ನೆರಳೇನೋ ದೊರೆತೀತು. ಎಂಜಿನ್ನಿನ ಹಸಿವು ಹಿಂಗದು.